ಹೀರೋ ಹಿಂದಿನ ಹೊಂಗೆಮರ

ನಿಮ್ಮ ಮನೆಯಲ್ಲಿ ರಾಗಿ ಅಳೆಯುವುದಕ್ಕೆ ಏನಿಟ್ಟುಕೊಂಡಿದ್ದೀರೋ ನನಗೆ ಗೊತ್ತಿಲ್ಲ. ಸೇರು ಇರಬಹುದು, ಪಾವು ಇರಬಹುದು, ಈಗಿನವರಾದರೆ ಹಿಡಿ ಮುರಿದ ಪ್ಲಾಸ್ಟಿಕ್ ಮಗ್ಗು ಇರಬಹುದು. ಮಿಡಿಗೇಶಿಯ ನಮ್ಮ ಮನೆಯಲ್ಲಿ ಒಂದು ಶಿರಸ್ತ್ರಾಣವಿದೆ. ಯುದ್ಧಕ್ಕೆ ಹೋಗುವ ಸೈನಿಕ ತಲೆಗೆ ಹಾಕಿಕೊಳ್ಳುತ್ತಾನಲ್ಲ, ಅದೇ. ತಗಡಿನದು. ನೆತ್ತಿಯ ಮೇಲೊಂದು ಚೂಪಾದ ಮೊಳೆ ಇತ್ತು. ಅದು ಎಂದೋ ಮುರಿದುಹೋಗಿ, ಉಳಿದ ತೂತಿಗೆ ಅರಗು ಮೆತ್ತಿದೆ. ನೆಂಟರು ಬಂದ ದಿನ ಅಡುಗೆಮನೆಯಿಂದ ‘ಇನ್ನೊಂದು ಟೋಪಿ ರಾಗಿ ತಗೀರಿ’ ಎಂಬ ಕೂಗು ಕೇಳಿದರೆ ಬಂದವರು ನಮ್ಮನ್ನು ಒಂಥರಾ ನೋಡುತ್ತಾರೆ. ನಮಗೆ ಅಭ್ಯಾಸವಾಗಿದೆ.

ಮೊನ್ನೆ ಮನೆಗೆ ಸುಣ್ಣ ಹೊಡೆಸುವಾಗ ನನ್ನ ಹೆಂಡತಿ ಅದನ್ನು ಗುಜರಿ ಚೀಲಕ್ಕೆ ಹಾಕಿಬಿಟ್ಟಿದ್ದಳು. ನಾನು ಕೂಗಾಡಿ ಈಚೆಗೆ ತೆಗೆಸಿದೆ. ‘ನನ್ಮೇಲ್ಯಾಕೆ ಕೂಗ್ತೀರಿ? ನಿಮ್ಮ ಗಂಗತ್ತೇನೇ ಹೇಳಿದ್ದು, ಅದ್ರ ಕೆಲ್ಸ ಮುಗೀತು ಬಿಸಾಕು ಅಂತ. ಬೇಕಿದ್ರೆ ತಲೆಗೇ ಹಾಕ್ಕೊಂಡು ಓಡಾಡಿ’ ಅಂದಳು. ಅವಳು ಅಂದದ್ದು ರೇಗಿಸಲಿಕ್ಕೆ. ಆದರೆ ನಾನು ಅದನ್ನು ನಿಜವಾಗಿಯೂ ತಲೆಗೆ ಹಾಕಿಕೊಂಡು ಓಡಿದ್ದೇನೆ. ಹೋದ ವರ್ಷ, ಅರವತ್ತೇಳನೆಯ ವಯಸ್ಸಿನಲ್ಲಿ, ಹಾಡುಹಗಲು, ಒಬ್ಬ ವಾಚ್‌ಮನ್ ಎದುರಿಗೆ. ಅದನ್ನು ಹೇಳಬೇಕೆಂದೇ ಈಗ ಕೂತಿರುವುದು. ಆದರೆ ಮೇಷ್ಟರ ಬಾಯಿ ನೋಡಿ, ನೆಟ್ಟಗೆ ವಿಷಯಕ್ಕೆ ಬಂದು ಗೊತ್ತಿಲ್ಲ. ಸ್ವಲ್ಪ ಸಹಿಸಿಕೊಳ್ಳಬೇಕು.

ನಾನು ಚರಿತ್ರೆಯ ಮೇಷ್ಟರು. ಮಧುಗಿರಿ, ಕೊರಟಗೆರೆ, ಶಿರಾ ಎಂದು ಮೂರೂ ಕಡೆ ಹೈಸ್ಕೂಲಿನಲ್ಲಿ ಬೋರ್ಡಿಗೆ ಸೀಮೆಸುಣ್ಣ ತೇಯ್ದು ನಿವೃತ್ತನಾದವನು. ನನ್ನ ಸರ್ವೀಸಿನಲ್ಲಿ ನನಗೆ ಮೇಲಧಿಕಾರಿಗಳ ಕಾಟ ಇರಲಿಲ್ಲ, ಮಕ್ಕಳ ಕಾಟ ಇರಲಿಲ್ಲ, ಸಿನಿಮಾದ ಕಾಟ ಇತ್ತು. ನಾನು ಒಂದು ತಿಂಗಳು ಗಂಟಲು ಹರಿದುಕೊಂಡು ಕಲಿಸಿದ್ದನ್ನು ಯಾವನೋ ಬಣ್ಣ ಬಳಿದುಕೊಂಡವನು ಎರಡೂವರೆ ಗಂಟೆಯಲ್ಲಿ ಅಳಿಸಿಹಾಕುತ್ತಿದ್ದ. ಭಾನುವಾರ ಟಿ.ವಿ.ಯಲ್ಲಿ ರಾಜಮಹಾರಾಜರ ಸಿನಿಮಾ ಬಂತೆಂದರೆ ಸೋಮವಾರ ನನ್ನ ಕ್ಲಾಸು ಕೆಟ್ಟಂತೆಯೇ.

ಶಿರಾದಲ್ಲಿದ್ದಾಗ ಒಮ್ಮೆ ಪರೀಕ್ಷೆಯಲ್ಲಿ ‘ಪಾಳೇಗಾರರ ಆಡಳಿತವನ್ನು ವಿವರಿಸಿರಿ’ ಎಂದು ಹತ್ತು ಅಂಕದ ಪ್ರಶ್ನೆ ಕೊಟ್ಟಿದ್ದೆ. ಫರ್ಜಾನಾ ಎಂಬ ಹುಡುಗಿ ಬರೆದಿದ್ದಳು: ‘ಪಾಳೇಗಾರರು ಬಹಳ ಸಿಟ್ಟಿನವರು. ಶತ್ರುಗಳು ಬಂದಾಗ ಅವರು ಎತ್ತರದ ಬಂಡೆಯ ಮೇಲೆ ನಿಂತು ಐದು ನಿಮಿಷ ಮಾತನಾಡುತ್ತಿದ್ದರು. ಅಲ್ಲಿಯವರೆಗೆ ಶತ್ರುಗಳು ಕಾಯುತ್ತಿದ್ದರು.’ ನಾನು ಸೊನ್ನೆ ಸುತ್ತಿದೆ. ಸುತ್ತಿದ್ದಷ್ಟೇ ಅಲ್ಲ, ಇಡೀ ಕ್ಲಾಸಿಗೆ ಓದಿ ನಗಿಸಿದೆ. ಆ ಹುಡುಗಿ ಅಳಲಿಲ್ಲ. ಎದ್ದು ನಿಂತು, ‘ಸಿನಿಮಾದಲ್ಲಿ ಹಂಗೇ ಇತ್ತು ಸಾರ್’ ಎಂದಳು.

‘ಸಿನಿಮಾ ಆಕರ ಅಲ್ಲಮ್ಮ. ಶಾಸನ ಆಕರ, ನಾಣ್ಯ ಆಕರ, ಕಡತ ಆಕರ. ಸಿನಿಮಾ ಅನ್ನೋದು ದುಡ್ಡು ತಗೊಂಡು ಹೇಳೋ ಸುಳ್ಳು.’

‘ಶಾಸನ ಕೆತ್ತಿದವನೂ ರಾಜನ ಹತ್ರ ದುಡ್ಡು ತಗೊಂಡೇ ಕೆತ್ತಿದ್ದಲ್ವಾ ಸಾರ್?’

ನಾನು ಅವಳನ್ನು ಕ್ಲಾಸಿನಿಂದ ಹೊರಗೆ ನಿಲ್ಲಿಸಿದೆ. ಉತ್ತರ ಗೊತ್ತಿಲ್ಲದಾಗ ಮೇಷ್ಟರುಗಳು ಮಾಡುವುದು ಅದನ್ನೇ.

ಅವಳು ನೋಡಿದ ಸಿನಿಮಾ ಯಾವುದು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಬಂಡೆ ಮೇಲೆ ನಿಂತು ಐದು ನಿಮಿಷ ಮಾತಾಡುವ ಪಾಳೇಗಾರ ಇರುವುದು ಒಂದೇ ಸಿನಿಮಾದಲ್ಲಿ. ನನ್ನ ಸಿಟ್ಟಿಗೆ ಅದೂ ಒಂದು ಕಾರಣ. ಯಾಕೆಂದರೆ ಅದು ನಮ್ಮ ಸಿನಿಮಾ. ಹೆಸರು ಬೇಡ ಬಿಡಿ, ಈಗ ಹೆಸರು ಹೇಳಿದರೂ ಯಾರಿಗೂ ನೆನಪಾಗುವಂಥದ್ದಲ್ಲ. ಕಪ್ಪು ಬಿಳುಪಿನದು. ನನಗೆ ಎಂಟು ವರ್ಷವಿದ್ದಾಗ ನಮ್ಮ ಸೀಮೆಯಲ್ಲೇ ಅದರ ಶೂಟಿಂಗ್ ನಡೆಯಿತು. ಕೋಟೆಯ ದೃಶ್ಯಗಳು ಮಿಡಿಗೇಶಿ ದುರ್ಗದ ಮೇಲೆ, ಯುದ್ಧದ ದೃಶ್ಯಗಳು ಪಾವಗಡ ತಾಲೂಕಿನ ವಳ್ಳೂರಿನ ಬಯಲಿನಲ್ಲಿ. ವಳ್ಳೂರಿನಲ್ಲಿ ಯಾಕೆಂದರೆ ಅಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ಅಡ್ಡ ಏನೂ ಇರಲಿಲ್ಲ, ಕುದುರೆ ಓಡಿಸುವುದಕ್ಕೆ ಹೇಳಿ ಮಾಡಿಸಿದ ಜಾಗ. ಮಿಡಿಗೇಶಿಯಿಂದ ಮೈ ಕಟ್ಟು ಇದ್ದ ಒಂದಿಪ್ಪತ್ತು ಮಂದಿ ಗಂಡಸರನ್ನು ಲಾರಿಯಲ್ಲಿ ತುಂಬಿಕೊಂಡು ಹೋಗಿ ಶತ್ರು ಸೈನಿಕರನ್ನಾಗಿ ಮಾಡಿದರು. ಅವರಲ್ಲಿ ನಮ್ಮಪ್ಪನೂ ಒಬ್ಬ. ನಾಲ್ಕು ದಿನ ಬಿಟ್ಟು ಮನೆಗೆ ಬಂದಾಗ ಅಪ್ಪನ ಕಂಕುಳಲ್ಲಿ ಈ ತಗಡಿನ ಟೋಪಿ ಇತ್ತು. ಮೊಳೆ ಮುರಿದಿದ್ದರಿಂದ ಅವರೇ ಇಟ್ಟುಕೋ ಅಂದರಂತೆ.

ಅಪ್ಪನ ಪಾತ್ರ ಇರುವುದು ಅರ್ಧ ನಿಮಿಷ. ಆದರೆ ಆ ಅರ್ಧ ನಿಮಿಷಕ್ಕೆ ಅವನು ಸಾಯುವವರೆಗೆ ಊರವರ ಬಾಯಿಗೆ ಬಿದ್ದ. ಆಗುವುದಿಷ್ಟೇ: ಪಾಳೇಗಾರ ಬಂಡೆಯ ಮೇಲೆ ಮಾತು ಮುಗಿಸಿ ಈಟಿ ಎಸೆಯುತ್ತಾನೆ. ಬಂಡೆಯ ಬುಡದಲ್ಲಿರುವ ಶತ್ರು ಸೈನಿಕನಿಗೆ, ಅಂದರೆ ನಮ್ಮಪ್ಪನಿಗೆ, ಅದು ಚುಚ್ಚುತ್ತದೆ. ಬೇರೆ ಸೈನಿಕರೆಲ್ಲ ಚುಚ್ಚಿದ ಕಡೆಯೇ ದೊಪ್ಪೆಂದು ಬೀಳುತ್ತಾರೆ. ನಮ್ಮಪ್ಪ ಬೀಳುವುದಿಲ್ಲ. ಈಟಿಯನ್ನು ಕಂಕುಳಲ್ಲಿ ಭದ್ರವಾಗಿ ಹಿಡಿದುಕೊಂಡು, ಹಿಂದೆ ದೂರದಲ್ಲಿರುವ ಒಂದು ಹೊಂಗೆಮರದವರೆಗೆ ಓಡುತ್ತಾನೆ. ಮರದ ಬುಡದಲ್ಲಿ ಮಂಡಿಯೂರುತ್ತಾನೆ. ಬಲಗೈಯಿಂದ ನೆಲ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಆಮೇಲೆ ನಿಧಾನವಾಗಿ ಪಕ್ಕಕ್ಕೆ ಒರಗಿ ಸಾಯುತ್ತಾನೆ.

ಮಿಡಿಗೇಶಿಯ ಜನ ಇದನ್ನು ಸುಮ್ಮನೆ ಬಿಡುತ್ತಾರೆಯೇ? ‘ಈಟಿ ಚುಚ್ಚುಸ್ಕಂಡು ಫರ್ಲಾಂಗು ಓಡ್ದ, ದೇವ್ರಿಗೆ ಕೈ ಮುಗ್ದ, ಜಾಗ ನೋಡ್ಕಂಡು ಮಲಿಕ್ಕಂಡ, ಅಂಥಾ ವೀರ ಕಣ್ಲಾ ನಿಮ್ಮಪ್ಪ’ ಎನ್ನುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಕೆಮ್ಮಿದರೆ ಸಾಕು, ‘ಓಡು, ಮರದ ತಾವ ಓಡು’ ಎಂದು ನಗುತ್ತಿದ್ದರು. ಅಪ್ಪ ಮೀಸೆಯೊಳಗೇ ನಕ್ಕು, ‘ಡೈರೆಕ್ಟ್ರು ಹೇಳ್ದಂಗೆ ಮಾಡ್ದೆ ಕಣ್ರಪ್ಪ’ ಅನ್ನುತ್ತಿದ್ದ. ನನಗೆ ಮಾತ್ರ ಅವಮಾನವಾಗುತ್ತಿತ್ತು. ಎಲ್ಲರಂತೆ ಬಿದ್ದು ಸತ್ತಿದ್ದರೆ ಇವನ ಗಂಟೇನು ಹೋಗುತ್ತಿತ್ತು ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅಪ್ಪನಷ್ಟೇ ಊರವರ ಬಾಯಿಗೆ ಬಿದ್ದ ಇನ್ನೊಬ್ಬರೆಂದರೆ ಗಂಗತ್ತೆ, ಅಪ್ಪನ ತಂಗಿ. ಗಂಗತ್ತೆಯನ್ನು ಅದೇ ವಳ್ಳೂರಿಗೆ ಕೊಟ್ಟಿದ್ದರು. ಎರಡು ವರ್ಷಕ್ಕೇ ಗಂಡನ ಮನೆಯವರು ತವರಿಗೆ ಕಳಿಸಿಬಿಟ್ಟರು, ಗಂಡ ಇನ್ನೊಂದು ಮದುವೆಯಾದ. ಯಾಕೆ ಏನು ಅಂತ ಮಕ್ಕಳಾದ ನಮ್ಮ ಕಿವಿಗೆ ಬೀಳಿಸಿರಲಿಲ್ಲ. ಅಪ್ಪ ಒಮ್ಮೆ ಕೇಳಲು ಹೋದಾಗ ದೊಡ್ಡ ಜಗಳವಾಗಿ, ‘ಇನ್ನು ಈ ಮನೇಗಾಗ್ಲಿ ಹೊಲಕ್ಕಾಗ್ಲಿ ಕಾಲಿಟ್ಟೀರಾ’ ಎಂದು ಹೊರಗಟ್ಟಿದ್ದರು ಎಂಬುದಷ್ಟೇ ಗೊತ್ತು. ಗಂಗತ್ತೆ ನಮ್ಮ ಮನೆಯಲ್ಲೇ ಉಳಿದಳು. ಮಾತು ಕಡಿಮೆ. ನಗು ಅಂತೂ ಇಲ್ಲವೇ ಇಲ್ಲ. ಅಂಥವಳಿಗೆ ಈ ಸಿನಿಮಾ ಬಂದಾಗ ಹುಚ್ಚು ಹಿಡಿಯಿತು.

ಆಗ ಸಿನಿಮಾ ಅಂದರೆ ಊರಿಂದ ಊರಿಗೆ ಹೋಗುವ ನೆಂಟನಿದ್ದಂತೆ. ಪಾವಗಡದಲ್ಲಿ ಎರಡು ವಾರ ಇದ್ದು, ಮಧುಗಿರಿಗೆ ಬಂದು, ಅಲ್ಲಿಂದ ಕೊರಟಗೆರೆಯ ಡೇರೆ ಟಾಕೀಸಿಗೆ ಹೋಗಿ, ಕೊನೆಗೆ ಶಿರಾ ಸೇರುತ್ತಿತ್ತು. ಗಂಗತ್ತೆ ಅದರ ಹಿಂದೆಯೇ ನಾಲ್ಕೂ ಊರು ಸುತ್ತಿದಳು. ಹೆಂಗಸೊಬ್ಬಳೇ ಹೋಗಬಾರದೆಂದು ನನ್ನನ್ನು ಜೊತೆಗೆ ಕಳಿಸುತ್ತಿದ್ದರು. ಬಸ್ಸಿನಲ್ಲಿ ಕಡಲೆಕಾಯಿ, ಇಂಟರ್‌ವಲ್ಲಿನಲ್ಲಿ ಸೋಡಾ. ನನಗೆ ಬೇಡವೆನ್ನಲು ಕಾರಣವಿರಲಿಲ್ಲ. ಒಟ್ಟು ಹನ್ನೊಂದು ಸಲ ನೋಡಿದೆವು. ಮನೆಯಲ್ಲಿ ಅಮ್ಮ, ‘ನಮ್ಮ ಗಂಗಮ್ಮಂಗೆ ಆ ಹೀರೋ ಮ್ಯಾಲೆ ಮನಸಾಗೈತೆ’ ಎಂದು ರೇಗಿಸುತ್ತಿದ್ದಳು. ಊರಿನ ಹೆಂಗಸರೂ ಅದನ್ನೇ ಅಂದರು. ದೊಡ್ಡವನಾದ ಮೇಲೆ ನಾನೂ ಅಂದಿದ್ದೇನೆ. ಅವಳು ಯಾರಿಗೂ ಎದುರು ಮಾತಾಡಲಿಲ್ಲ.

ಅವಳ ಎರಡು ಅಭ್ಯಾಸಗಳು ನನಗೆ ಅರ್ಥವಾಗುತ್ತಿರಲಿಲ್ಲ. ಒಂದು, ಅವಳು ನೆಲದ ಟಿಕೆಟಿನಲ್ಲಿ ಪರದೆಗೆ ಹತ್ತಿರ, ಎಡಗಡೆಯ ತುದಿಯಲ್ಲೇ ಕೂರಬೇಕು. ಶಿರಾದಲ್ಲಿ ಹೆಂಗಸರ ಜಾಗ ಬಲಗಡೆ ಇತ್ತು. ಇವಳು ಸೀದಾ ಹೋಗಿ ಗಂಡಸರ ಮಧ್ಯೆ ಎಡಗಡೆ ಕೂತಳು. ಗೇಟಿನ ಸಾಹೇಬರು ಓಡಿಬಂದು, ‘ಅರೆ ಅಮ್ಮಾ, ಇದು ಮರ್ದಾನಾ! ಜನಾನಾ ಆ ಕಡೆ ಐತೆ, ಏಳಿ ಏಳಿ’ ಎಂದರು.

‘ಏಳಾಕಿಲ್ಲ ಬುಡಿ. ನಂಗೆ ಇಲ್ಲಿಂದ್ಲೇ ಕಾಣಾದು.’

‘ಪಿಚ್ಚರ್ ಎಲ್ಲಾ ಕಡೆಯಿಂದಾನೂ ಒಂದೇ ಕಾಣ್ತದಮ್ಮ!’

‘ನಿಮ್ಗೆ ಒಂದೇ ಕಾಣ್ತದೆ. ನಂಗೆ ಇಲ್ಲ.’

ಸುತ್ತಲಿನ ಗಂಡಸರೇ ‘ಬುಡಿ ಸಾಬ್ರೇ, ಕೂತ್ಕಳ್ಳಿ’ ಎಂದು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ನಾನು ನಾಚಿಕೆಯಿಂದ ಮರಳಿನಲ್ಲಿ ಗುಂಡಿ ತೋಡುತ್ತ ಕೂತಿದ್ದೆ.

ಇನ್ನೊಂದು ಅಭ್ಯಾಸ ನನ್ನ ಹೊಟ್ಟೆ ಉರಿಸುತ್ತಿತ್ತು. ನಮ್ಮಪ್ಪ ಸತ್ತ ಕೂಡಲೇ ಅವಳು ಎದ್ದುಬಿಡುತ್ತಿದ್ದಳು. ‘ನಡಿಲಾ ಸೀನ, ಮುಗೀತು.’ ಮುಗಿದಿರುವುದಿಲ್ಲ ಸ್ವಾಮಿ, ಇನ್ನೂ ಅರ್ಧ ಗಂಟೆ ಯುದ್ಧ ಇರುತ್ತದೆ! ಕುದುರೆ ಬರುತ್ತವೆ, ಫಿರಂಗಿ ಹೊಡೆಯುತ್ತಾರೆ ಅಂತ ಜೊತೆಯ ಹುಡುಗರು ಹೇಳುತ್ತಿದ್ದರು. ನಾನು ಹನ್ನೊಂದು ಸಲ ಹೋಗಿ ಹನ್ನೊಂದು ಸಲವೂ ಕ್ಲೈಮ್ಯಾಕ್ಸ್ ನೋಡದೆ ಬಂದವನು. ನಾನು ಚರಿತ್ರೆಯ ಮೇಷ್ಟರಾಗಿದ್ದಕ್ಕೆ ಅದೇ ಕಾರಣವೋ ಏನೋ. ಮುಂದೇನಾಯಿತು ಅಂತ ಯಾವುದಾದರೂ ಪುಸ್ತಕದಲ್ಲಿ ಸಿಕ್ಕೀತು ಎಂದು ಹುಡುಕಲು ಹೊರಟವನು ಅಲ್ಲೇ ಉಳಿದುಕೊಂಡೆ.

ಓದಿಕೊಂಡ ಮೇಲೆ ಆ ಸಿನಿಮಾದ ಮೇಲೆ ನನಗೆ ತಿರಸ್ಕಾರ ಬಂತು, ಟಿ.ವಿ.ಯಲ್ಲಿ ಬಂದಾಗಲೂ ನೋಡಲಿಲ್ಲ. ತಪ್ಪು ಒಂದೇ ಎರಡೇ? ಪಾಳೇಗಾರನ ಮಣಿಕಟ್ಟಿನಲ್ಲಿ ಗಡಿಯಾರದ ಗುರುತು ಬೆಳ್ಳಗೆ ಕಾಣುತ್ತದೆ. ರಾಣಿಯ ಮೈಮೇಲೆ ನೈಲಾನ್ ಸೀರೆ. ಶತ್ರು ಪಾಳಯದ ಅರ್ಧ ಜನರ ಕಾಲಲ್ಲಿ ಹವಾಯಿ ಚಪ್ಪಲಿ. ಪಾವಗಡ ಸೀಮೆಯ ಪಾಳೇಗಾರ ನಾಟಕ ಕಂಪನಿಯ ಗ್ರಾಂಥಿಕ ಭಾಷೆಯಲ್ಲಿ ಗುಡುಗುತ್ತಾನೆ, ಹಿಂದೆ ನಿಂತ ಸೈನಿಕರ ತುಟಿ ನೋಡಿದರೆ ಎಲ್ಲರೂ ತೆಲುಗಿನಲ್ಲಿ ಹರಟುತ್ತಿದ್ದಾರೆ. ಟೀಚರ್ಸ್ ರೂಮಿನಲ್ಲಿ ಇವನ್ನೆಲ್ಲ ಪಟ್ಟಿ ಮಾಡಿ ಹೇಳಿ ನಗಿಸುವುದೇ ನನ್ನ ವಿದ್ವತ್ತಾಗಿತ್ತು.

ಹೋದ ವರ್ಷ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಗಂಗತ್ತೆ ನನ್ನನ್ನು ಕರೆದಳು. ಎಂಬತ್ತು ದಾಟಿದ್ದಾಳೆ, ಕಿವಿ ಚುರುಕಾಗಿದೆ, ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ‘ಲೇ ಸೀನ, ನನ್ನ ಒಂದ್ಸಲ ವಳ್ಳೂರಿಗೆ ಕರ್ಕಂಡೋಗ್ಲಾ’ ಎಂದಳು. ಅರವತ್ತು ವರ್ಷದಿಂದ ಆ ಊರಿನ ಹೆಸರು ಎತ್ತದವಳು! ಅಲ್ಲಿ ಅವಳನ್ನು ತಡೆದಿದ್ದವರು ಯಾರೂ ಈಗ ಉಳಿದಿಲ್ಲ ನಿಜ. ಆದರೂ ಯಾಕೆ ಅಂತ ಕೇಳಿದೆ. ‘ಓಗಾನ ನಡಿ’ ಅಂದಳು. ಕಾರು ಮಾಡಿಕೊಂಡು ಹೋದೆವು.

ವಳ್ಳೂರು ಈಗ ಹೇಗಿದೆ ಅಂತ ನಿಮಗೆ ಗೊತ್ತಲ್ಲ. ಹೊಲಗಳೆಲ್ಲ ಸೋಲಾರ್‌ಗೆ ಗುತ್ತಿಗೆ ಹೋಗಿವೆ. ನೆಲ ಸಮ ಮಾಡಿ, ಬೇಲಿ ಹಾಕಿ, ಕಣ್ಣು ಹಾಯಿಸಿದಷ್ಟು ದೂರವೂ ಕರೀ ಹಲಗೆಗಳ ಸಾಲು. ಗಂಗತ್ತೆ ಬೇಲಿಯ ತಂತಿ ಹಿಡಿದು ನಿಂತಳು. ಆ ಕಡೆ ನೋಡಿದಳು, ಈ ಕಡೆ ನೋಡಿದಳು. ‘ಮರ ಎಲ್ಲೋಯ್ತು?’ ಎಂದಳು. ‘ಯಾವ ಮರ?’ ಎಂದೆ. ಅವಳು ತಂತಿ ಬಿಟ್ಟು ಕಾರಿನ ಕಡೆ ನಡೆದಳು. ಮನೆಗೆ ಬಂದು ಮಲಗಿದವಳು ಎರಡು ದಿನ ಮುದ್ದೆ ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಜಗಲಿಯಲ್ಲಿ ಕೂತಿದ್ದ ನನ್ನ ಹತ್ತಿರ ಬಂದು, ‘ಆ ಸಿನಿಮಾ ಎಲ್ಲಾದ್ರೂ ಸಿಕ್ಕಿದ್ರೆ ಹುಡುಕ್ಲಾ. ಅದ್ರಾಗೈತೆ ಮರ’ ಎಂದಳು. ಆಮೇಲೆ ಅರವತ್ತು ವರ್ಷದ ಮಾತನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದಳು.

ಅವಳಿಗೆ ವಳ್ಳೂರಿನಲ್ಲಿ ಒಂದು ಹೆಣ್ಣುಮಗು ಹುಟ್ಟಿತ್ತು. ಐದು ತಿಂಗಳಿಗೆ ಜ್ವರ ಬಂದು ಹೋಯಿತು. ಮಗು ತಿಂದುಕೊಂಡವಳು ಎಂದು ಅವಳನ್ನು ಮನೆಯಿಂದ ಕಳಿಸಿದ್ದು ಅದಕ್ಕೇ. ನಮ್ಮಲ್ಲಿ ದೊಡ್ಡವರು ಸತ್ತರೆ ಹೊಲದಲ್ಲಿ ಗುಡ್ಡೆ ಮಾಡಿ, ಕಲ್ಲು ನೆಟ್ಟು, ವರ್ಷ ವರ್ಷ ಎಡೆ ಇಡುತ್ತೇವೆ. ಹಸುಗೂಸಿಗೆ ಗುಡ್ಡೆಯಿಲ್ಲ, ಕಲ್ಲಿಲ್ಲ, ಎಡೆಯಿಲ್ಲ. ಒಂದು ಮರ ನೋಡಿ ಅದರ ಬುಡದಲ್ಲಿ ಮಣ್ಣು ಮಾಡಿ ಬಂದುಬಿಡುತ್ತಾರೆ. ಆ ಮಗುವನ್ನು ಮಣ್ಣು ಮಾಡಿದ್ದು ಹೊಲದ ಬಂಡೆಯ ಹಿಂದಿನ ಹೊಂಗೆಮರದ ಬುಡದಲ್ಲಿ. ಮೂರನೆಯ ದಿನ ಹಾಲುತುಪ್ಪ ಬಿಡಲು ಇವಳನ್ನು ಹೋಗಗೊಡಲಿಲ್ಲ. ‘ಎಲ್ಲಾರ್ಗೂ ಹಾಲುತುಪ್ಪ ಬುಟ್ಟಿವ್ನಿ ಕಣ್ಲಾ. ನಿಮ್ಮಪ್ಪಂಗೆ ಬುಟ್ಟೆ, ನಿಮ್ಮಮ್ಮಂಗೆ ಬುಟ್ಟೆ. ಅದಕ್ಕೊಂದು ಬುಡಲಿಲ್ಲ. ನಾನು ಓಗೋದ್ರೊಳ್ಗೆ ಬುಡ್ಬೇಕು’ ಎಂದಳು.

‘ಹಂಗಾದ್ರೆ ನೀನು ಹನ್ನೊಂದು ಸಲ ನೋಡಿದ್ದು...’

‘ಮರಾನ ಕಣ್ಲಾ. ಆ ವಯ್ಯ ಮಾತಾಡ್ತಾ ನಿಂತಿರ್ತಾನಲ್ಲ, ಅವ್ನ ಎಡಗಡೆ ಕಾಣ್ತಿತ್ತು. ಎಲ್ಲಾ ಅವನ ಮಾತು ಉದ್ದ ಉದ್ದ ಅಂತ ಬೈಯೋರು. ನಂಗೆ ಇನ್ನೂ ಒಸಿ ಮಾತಾಡ್ಲಿ ಅನ್ನುಸ್ತಿತ್ತು.’

ನಾನು ಆ ಐದು ನಿಮಿಷದ ಮಾತನ್ನು ಎಷ್ಟು ಜನರ ಎದುರು ಅಣಕಿಸಿದ್ದೆ! ಮುಖ ಎಲ್ಲಿಟ್ಟುಕೊಳ್ಳಲಿ ಎನ್ನಿಸಿತು. ಹತ್ತಿರವೇ ಕೂತಿದ್ದರೂ ಅವಳ ಮುಖ ನೋಡಲಾರದೆ ಅಂಗಳದ ಕೋಳಿಗಳನ್ನು ನೋಡುತ್ತ ಕೂತೆ.

ಸಿನಿಮಾ ಹುಡುಕಲು ನನಗೆ ಗೊತ್ತಿದ್ದದ್ದು ಒಂದೇ ಕಡೆ. ಅದೇ ಫರ್ಜಾನಾ ಈಗ ಶಿರಾದಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಾಳೆ. ವಿಷಯ ಹೇಳಿದೆ. ಯಾರೋ ಪುಣ್ಯಾತ್ಮ ಹಳೇ ಟಿ.ವಿ. ಪ್ರಸಾರವನ್ನು ಕಂಪ್ಯೂಟರಿಗೆ ಏರಿಸಿಟ್ಟಿದ್ದನ್ನು ಅರ್ಧ ಗಂಟೆಯಲ್ಲಿ ಹುಡುಕಿ ನನ್ನ ಫೋನಿಗೆ ಹಾಕಿದಳು. ನಾನೂ ಅವಳೂ ಅಂಗಡಿಯ ಸ್ಟೂಲಿನ ಮೇಲೆ ಕೂತು ಆ ದೃಶ್ಯ ನೋಡಿದೆವು. ನಾನು ಮೊದಲ ಬಾರಿಗೆ ಹೀರೋನನ್ನೂ ಸೈನಿಕರನ್ನೂ ಬಿಟ್ಟು ಅವರ ಹಿಂದೆ ನೋಡಿದೆ.

ಏನೇನೆಲ್ಲ ಇತ್ತು ಅಲ್ಲಿ! ದೂರದಲ್ಲಿ ಕಪಿಲೆ ಬಾವಿ, ಎತ್ತುಗಳು ಹಿಂದೆ ಮುಂದೆ ನಡೆದು ನೀರು ಸೇದುತ್ತಿವೆ. ಅವುಗಳಿಗೆ ಶೂಟಿಂಗ್ ನಡೆಯುತ್ತಿದೆಯೆಂದು ಯಾರೂ ಹೇಳಿಲ್ಲ. ನವಣೆ ಹೊಲ ತೆನೆ ಬಾಗಿಸಿ ನಿಂತಿದೆ. ನವಣೆ ಬೆಳೆಯುವ ಹೊಲ ಹೀಗಿರುತ್ತಿತ್ತು ಅಂತ ನಾನೇ ಮರೆತುಬಿಟ್ಟಿದ್ದೆ. ಕುರಿಮಂದೆಯೊಂದು ಪಾಳೇಗಾರನ ಸೈನ್ಯದ ಮಧ್ಯೆಯೇ ನಿರಾಳವಾಗಿ ದಾಟಿಹೋಗುತ್ತದೆ. ಹೆಂಗಸೊಬ್ಬಳು ತಲೆಯ ಮೇಲೆ ಬುತ್ತಿ ಹೊತ್ತು ನಡೆಯುತ್ತಿದ್ದಾಳೆ, ಕೈ ಬಿಟ್ಟೇ ನಡೆಯುತ್ತಿದ್ದಾಳೆ. ಈ ಯಾವುದನ್ನೂ ಯಾವ ಶಾಸನವೂ ಕೆತ್ತಿಲ್ಲ, ಯಾವ ಕಡತವೂ ಬರೆದುಕೊಂಡಿಲ್ಲ. ಸಿನಿಮಾದವರು ಬರೆದುಕೊಳ್ಳಬೇಕು ಅಂತ ಬರೆದುಕೊಂಡದ್ದೂ ಅಲ್ಲ. ಅವರು ಮುನ್ನೂರು ವರ್ಷ ಹಿಂದಿನ ಪಾಳೇಗಾರನನ್ನು ತೋರಿಸಲು ಹೋಗಿ ಪೂರಾ ಎಡವಿದರು. ಎಡವಿದ ಕಡೆಯೇ ನಮ್ಮ ಸೀಮೆಯ ಒಂದು ಮಧ್ಯಾಹ್ನವನ್ನು ಇದ್ದದ್ದು ಇದ್ದ ಹಾಗೆ ಹಿಡಿದಿಟ್ಟರು. ಆ ಕ್ಯಾಮೆರಾದವನು ಯಾರೋ, ಎಲ್ಲಿದ್ದಾನೋ, ಅವನಿಗೆ ಕೈ ಮುಗಿಯಬೇಕು ಅನ್ನಿಸಿತು.

ಎಡಗಡೆ ಹೊಂಗೆಮರ ನಿಂತಿತ್ತು. ಅದರ ಹಿಂದೆ, ಆಕಾಶದ ಅಂಚಿನಲ್ಲಿ, ಜೋಡಿಗುಡ್ಡ. ಮರ ಸರಿಯಾಗಿ ಎರಡು ಗುಡ್ಡಗಳ ನಡುವಿನ ಸಂದಿನ ಕೆಳಗೆ ಬರುತ್ತಿತ್ತು.

ಫರ್ಜಾನಾ ಫೋನು ಕೊಡುತ್ತಾ, ‘ಸಿನಿಮಾ ಆಕರ ಅಲ್ಲ ಅಂದಿದ್ರಲ್ಲಾ ಸಾರ್. ಈಗ ನನ್ನ ಮಾರ್ಕ್ಸು?’ ಎಂದಳು.

‘ಹತ್ತಕ್ಕೆ ಹತ್ತಮ್ಮ. ಹೊರಗೆ ನಿಲ್ಲಿಸಿದ್ದಕ್ಕೆ ತಪ್ಪಾಯ್ತು’ ಎಂದೆ. ಅವಳು ನಕ್ಕು ಚಹಾ ತರಿಸಿದಳು.

ಅಮಾವಾಸ್ಯೆಯ ದಿನ ಬೆಳಿಗ್ಗೆಯೇ ಹೊರಟೆವು. ಒಳಗೆ ಹೋಗಲು ಮೊದಲೇ ಕಾಗದ ಕೊಟ್ಟು ಒಪ್ಪಿಗೆ ತಗೊಂಡಿದ್ದೆ. ಗಂಗತ್ತೆ ಹಾಲಿನ ತಂಬಿಗೆ, ತುಪ್ಪದ ಬಟ್ಟಲು, ಹೂವು ಎಲ್ಲವನ್ನೂ ಅಲುಗಾಡದ ಹಾಗೆ ರಾಗಿ ಅಳೆಯುವ ಈ ಟೋಪಿಯಲ್ಲಿ ಕೂರಿಸಿ ಮಡಿಲಲ್ಲಿಟ್ಟುಕೊಂಡಿದ್ದಳು. ಗೇಟಿನಲ್ಲಿದ್ದ ವಾಚ್‌ಮನ್ ವೆಂಕಟರಮಣಪ್ಪ ಆ ಊರಿನವನೇ, ಐವತ್ತು ದಾಟಿದವನು, ಮಾತು ಅರ್ಧ ಕನ್ನಡ ಅರ್ಧ ತೆಲುಗು. ಕಾಗದ ನೋಡಿ, ‘ಅದಂತಾ ಸರಿ ಸಾರ್, ಹೆಲ್ಮೆಟ್ ಇಲ್ದೆ ಲೋಪಲಿಕಿ ಬಿಡಂಗಿಲ್ಲ. ರೂಲ್ಸು. ನನ್ನತ್ರ ಒಕಟೇ ಉಂದಿ’ ಎಂದು ತನ್ನಲ್ಲಿದ್ದ ಒಂದೇ ಒಂದು ಹಳದಿ ಹೆಲ್ಮೆಟನ್ನು ತೋರಿಸಿದ. ಗಂಗತ್ತೆ ಅದನ್ನು ತಗೊಂಡು ಸೆರಗಿನ ಮೇಲೆಯೇ ಕೂರಿಸಿಕೊಂಡಳು. ಆಮೇಲೆ ಮಡಿಲಿನ ಸಾಮಾನೆಲ್ಲ ಕಾರಿನಲ್ಲಿದ್ದ ಬುಟ್ಟಿಗೆ ತೆಗೆದಿಟ್ಟು ತಗಡಿನ ಟೋಪಿ ನನ್ನ ಕೈಗೆ ಕೊಟ್ಟಳು. ‘ಇದೂ ಅದೇ ಅಲ್ವೇನಪ್ಪ?’ ಎಂದು ವಾಚ್‌ಮನ್‌ನನ್ನು ಕೇಳಿದಳು. ಅವನು ನನ್ನ ತಲೆಯ ಮೇಲಿನ ಪಾಳೇಗಾರರ ಕಾಲದ ಟೋಪಿಯನ್ನು ನೋಡಿದ, ನನ್ನ ಮುಖ ನೋಡಿದ. ‘ಅಯ್ಯೋ ದೇವುಡಾ, ನಡೀರಿ ಸಾರ್’ ಎಂದ.

ಫೋನಿನಲ್ಲಿ ದೃಶ್ಯ ತೋರಿಸಿದಾಗ ಅವನೇ ಕುಣಿದಾಡಿಬಿಟ್ಟ. ‘ಇದಿ ಮನ ಬಂಡ ಕದಾ! ನಮ್ಮ ಬಂಡೆ! ಐತೆ ಸಾರ್, ಇನ್ನೂ ಐತೆ. ಒಡಿಯಾಕೆ ಆಗ್ದೆ ಸುತ್ತ ಪ್ಯಾನೆಲ್ ಹಾಕವ್ರೆ’ ಎಂದು ಮುಂದೆ ನಡೆದ. ಬಂಡೆ ನಿಜವಾಗಿಯೂ ಇತ್ತು. ಅದರ ಮೇಲೆ ಹತ್ತಿ ನೋಡಿದರೆ ಆಕಾಶದ ಅಂಚಿನಲ್ಲಿ ಅದೇ ಜೋಡಿಗುಡ್ಡ. ಫೋನಿನಲ್ಲಿರುವ ಗುಡ್ಡ, ಎದುರಿನ ಗುಡ್ಡ ಎರಡನ್ನೂ ಹೊಂದಿಸಿಕೊಂಡು ವೆಂಕಟರಮಣಪ್ಪ ಕ್ಯಾಮೆರಾ ಇದ್ದ ಜಾಗದಲ್ಲಿ ನಿಂತ. ಸಂದಿನ ದಿಕ್ಕು ಗೊತ್ತಾಯಿತು. ಅದೃಷ್ಟಕ್ಕೆ ಎರಡು ಸಾಲುಗಳ ನಡುವಿನ ಓಣಿ ಆ ದಿಕ್ಕಿಗೇ ಹೋಗುತ್ತಿತ್ತು. ಆದರೆ ಎಷ್ಟು ದೂರ?

‘ಇಪ್ಪತ್ತೆಂಟು ಹೆಜ್ಜೆ’ ಎಂದಳು ಗಂಗತ್ತೆ. ‘ನಿಮ್ಮಪ್ಪ ಬಂಡೆಯಿಂದ ಮರುಕ್ಕೆ ಓಡಿದ್ದು ಇಪ್ಪತ್ತೆಂಟು ಹೆಜ್ಜೆ. ಅಷ್ಟು ಸಲಾನೂ ಎಣಿಸಿವ್ನಿ. ಓಡು.’

‘ನಾನಾ? ಈ ವಯಸ್ನಲ್ಲಾ?’

‘ನಿಂದೂ ಅವ್ನ ಕಾಲೇ ಕಣ್ಲಾ. ಉದ್ದ ಕಾಲು. ಓಡ್ಲಾ!’

ಓಡಿದೆ. ತಗಡಿನ ಟೋಪಿ ತಲೆಯ ಮೇಲೆ ಡಬಡಬ ಎನ್ನುತ್ತಿತ್ತು, ಪಂಚೆ ಕಾಲಿಗೆ ತೊಡರುತ್ತಿತ್ತು. ‘ಜಾಗ್ರತ್ತ ಸಾರ್, ಜಾಗ್ರತ್ತ’ ಎಂದು ವೆಂಕಟರಮಣಪ್ಪ ಕೂಗುತ್ತಿದ್ದ. ಹನ್ನೆರಡು ಹೆಜ್ಜೆಗೇ ಗಂಗತ್ತೆ ತಡೆದಳು. ‘ವಾಪಸ್ ಬಾ. ನಿಮ್ಮಪ್ಪ ಇಂಗೆ ಮುದುಕ್ನಂಗೆ ಓಡ್ಲಿಲ್ಲ.’ ಪಂಚೆ ಎತ್ತಿ ಕಟ್ಟಿಕೊಂಡು, ಬೇಕಾದ್ದಾಗಲಿ ಎಂದು ಮತ್ತೆ ಓಡಿದೆ. ಅವಳು ಗಟ್ಟಿಯಾಗಿ ಎಣಿಸಿದಳು. ಇಪ್ಪತ್ತೆಂಟಕ್ಕೆ ನಿಂತಾಗ ಎದೆ ನಗಾರಿಯಾಗಿತ್ತು.

ಅಲ್ಲಿ ಏನೂ ಇರಲಿಲ್ಲ. ಸಮ ಮಾಡಿದ ಮಣ್ಣು, ಕತ್ತರಿಸಿದ ಹುಲ್ಲು, ಹಲಗೆ ತೊಳೆಯುವ ನೀರಿನ ಪೈಪು. ಗಂಗತ್ತೆ ಮಂಡಿ ಹಿಡಿದುಕೊಂಡು ನಿಧಾನವಾಗಿ ಬಂದು ಕೂತಳು. ನನ್ನ ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ? ‘ಅತ್ತೆ, ಐದಾರು ಅಡಿ ಆಚೆ ಈಚೆ ಇರಬಹುದು’ ಎಂದೆ.

‘ಇರ್ಲಿ ಬುಡು. ಹಾಲು ಹರ್ಕಂಡು ಓಯ್ತದೆ.’

ಹಾಲು ಬಿಟ್ಟಳು. ತುಪ್ಪ ಬಿಟ್ಟಳು. ಹೂವು ಇಟ್ಟಳು. ಹಾಲು ಒಂದು ಗಳಿಗೆ ಮೇಲೆ ನಿಂತು, ಆಮೇಲೆ ಒಣ ಮಣ್ಣಿನೊಳಗೆ ಇಳಿಯಿತು. ಅವಳು ಅಳುತ್ತಾಳೆಂದು ನಾನು ಕಾಯುತ್ತಿದ್ದೆ. ಅವಳು ಅಳಲಿಲ್ಲ. ತಲೆಯೆತ್ತಿ, ‘ಡೈರೆಕ್ಟ್ರು ನಿಮ್ಮಪ್ಪಂಗೆ ಬಂಡೆ ತಾವ್ಲೇ ಬಿದ್ದು ಸಾಯಿ ಅಂದಿದ್ರಂತೆ’ ಎಂದಳು.

‘ಮತ್ತೆ ಅಪ್ಪ ಯಾವಾಗ್ಲೂ ಡೈರೆಕ್ಟ್ರು ಹೇಳ್ದಂಗೆ ಮಾಡ್ದೆ ಅಂತಿದ್ದ?’

‘ಊರೋರ್ಗೆ ಅಂಗಂತಿದ್ದ. ಈ ಹೊಲಕ್ಕೆ ಕಾಲಿಡಬ್ಯಾಡಿ ಅಂದಿದ್ರಲ್ಲ. ಸಿನಿಮಾ ವೇಸ ಆಕ್ಕಂಡಿರೋನ ಯಾರು ತಡೀತಾರೆ? ಅದ್ಕೇ ಕಣ್ಲಾ ಅವ್ನು ಸಿನಿಮಾಕ್ಕೆ ಸೇರಿದ್ದು. ಮನೇಗೆ ಬಂದು, ಗಂಗಾ, ಕೂಸಿನ ತಾವ ಓಗಿದ್ದೆ, ಮಣ್ಣು ಮುಟ್ಟಿ ಕಣ್ಗೊತ್ಕಂಡೆ, ಸಿನಿಮಾದಾಗೆ ಬತ್ತದಂತೆ, ಓಗಿ ನೋಡು ಅಂದ. ಡೈರೆಕ್ಟ್ರು ಸ್ಯಾನೆ ಬೈದ್ರಂತೆ. ಒತ್ತು ಇಳ್ದೋಗಿತ್ತಂತೆ, ಅಂಗೇ ಬುಟ್ರಂತೆ.’

ನನ್ನ ಜೀವಮಾನವೆಲ್ಲ ನಾಚಿಕೆಪಟ್ಟ ಅರ್ಧ ನಿಮಿಷ ಅದು. ಊರೆಲ್ಲ ನಗುತ್ತಿದ್ದಾಗ ಅಪ್ಪ ಮೀಸೆಯೊಳಗೆ ನಕ್ಕು ಸುಮ್ಮನಿದ್ದ. ತಂಗಿಯ ಮಾತು ಹೊರಗೆ ಬರಬಾರದೆಂದು ತನ್ನನ್ನೇ ನಗೆಪಾಟಲು ಮಾಡಿಕೊಂಡಿದ್ದ. ಇಷ್ಟು ದೊಡ್ಡ ಮನುಷ್ಯನ ಮಗ ನಾನು ಎಂದು ಗೊತ್ತಾಗಲು ನನಗೆ ಅರವತ್ತೇಳು ವರ್ಷ ಬೇಕಾಯಿತು. ನಾನು ಅಲ್ಲೇ ಮಂಡಿಯೂರಿ, ಬಲಗೈಯಿಂದ ಹಸಿ ಮಣ್ಣು ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡೆ. ಬಗ್ಗಿದಾಗ ಟೋಪಿ ಮೂಗಿನವರೆಗೆ ಜಾರಿತು. ಒಳ್ಳೆಯದೇ ಆಯಿತು, ನಾನು ಅಳುತ್ತಿದ್ದುದು ಯಾರಿಗೂ ಕಾಣಲಿಲ್ಲ.

ಅಷ್ಟರಲ್ಲಿ ಡೋಲು, ಕಹಳೆ, ಕುದುರೆಗಳ ಸದ್ದು ಕೇಳಿಸಿತು. ಬಂಡೆಯ ಹತ್ತಿರ ನಿಂತಿದ್ದ ವೆಂಕಟರಮಣಪ್ಪನ ಬೆರಳು ತಗುಲಿ ಫೋನಿನಲ್ಲಿ ಸಿನಿಮಾ ಮುಂದಕ್ಕೆ ಓಡುತ್ತಿತ್ತು. ‘ಸಾರ್ ಬನ್ನಿ, ಬನ್ನಿ, ಕ್ಲೈಮ್ಯಾಕ್ಸು!’ ಎಂದು ಅವನು ಕೂಗಿದ. ನಾನು ಏಳಲು ಹೊರಟೆ. ಎಂಟು ವರ್ಷದವನಿದ್ದಾಗಿನಿಂದ ಕಾದಿದ್ದೆ ನೋಡಿ.

‘ಆರ್ಸಪ್ಪ ಅದ್ನ’ ಎಂದಳು ಗಂಗತ್ತೆ. ‘ನಮ್ಮೋನು ಬಿದ್ದ ಮ್ಯಾಲೆ ಇನ್ನೇನೈತೆ ಅದ್ರಾಗೆ.’

ಅವನು ಆರಿಸಿದ. ಆಮೇಲೆ ನಾನೂ ಮತ್ತೆ ಹಾಕಿ ನೋಡಿಲ್ಲ. ಪಾಳೇಗಾರ ಗೆದ್ದನೋ ಸೋತನೋ ನನಗೆ ಇವತ್ತಿಗೂ ಗೊತ್ತಿಲ್ಲ.